ನೀರು ಹತ್ತದ ನೀಲಿ

ಅದನ್ನು ಬರೆದವಳು ಸಟವಿತಾಯಿ ಅಲ್ಲ, ನಾನು. ಕಿರುಬೆರಳಿನ ಗೆಣ್ಣಿನಷ್ಟು ಉಳಿದಿದ್ದ ಒಂದು ನೀಲಿ ಬಣ್ಣದ ಕಡ್ಡಿಯಿಂದ, ಬಾಣಂತಿ ಕೋಣೆಯ ಮೂಲೆಯಲ್ಲಿ ಮೊಣಕಾಲೂರಿ ಕುಳಿತು, ಎಂಟು ವರ್ಷದ ನಾನು — ನನ್ನ ಕೈಯಾರೆ ಬರೆದೆ.

ಇಷ್ಟು ಹೇಳಲು ನನಗೆ ನಲವತ್ತಮೂರು ವರ್ಷ ಹಿಡಿಯಿತು. ಯಾರಿಗೆ ಮೊದಲು ಹೇಳಬೇಕಿತ್ತೋ ಆಕೆಗೆ ಹೋದ ತಿಂಗಳು ಹೇಳಿದ್ದೇನೆ. ಉಳಿದವರಿಗೆ ಈಗ ಹೇಳುತ್ತಿದ್ದೇನೆ. ಯಾಕೆಂದರೆ ಅಫಜಲಪುರ ತಾಲ್ಲೂಕಿನ ನಮ್ಮ ತವರೂರಲ್ಲಿ ಇವತ್ತಿಗೂ ಮಕ್ಕಳಿಗೆ ಆ ಕಥೆ ಹೇಳುತ್ತಾರೆ: ಒಂದು ಮನೆಯಲ್ಲಿ ಸಟವಿ ಬರೆದದ್ದು ಕಣ್ಣಿಗೆ ಕಂಡಿತ್ತಂತೆ, ಅದಕ್ಕೆ ನೀರು ಹತ್ತಲಿಲ್ಲವಂತೆ ಎಂದು. ಆ ಮನೆ ನಮ್ಮದು. ಆ ಕೂಸು ನನ್ನ ತಂಗಿ ಕಸ್ತೂರಿ.

ನಾನು ದೊಡ್ಡ ಓದು ಓದಿದವಳಲ್ಲ. ಜೇವರ್ಗಿಯಲ್ಲಿ ಮನೆ, ಗಂಡ, ಎರಡು ಮಕ್ಕಳು, ಜಗಲಿಯ ಮೇಲೆ ದೇವರು. ಬೆಳಿಗ್ಗೆ ಹಣೆಗೆ ವಿಭೂತಿ ಹಚ್ಚಿಕೊಂಡು ಕೈ ಮುಗಿಯುವಾಗ ಹಿಂದಿನ ದಿನದ ಸಣ್ಣ ಸಣ್ಣ ಉಪಕಾರಗಳನ್ನು ಎಣಿಸುವುದು ನನ್ನ ರೂಢಿ. ನಳ ಬಂತು. ಗ್ಯಾಸು ತೀರುವ ಮೊದಲೇ ರೊಟ್ಟಿ ಆದವು. ಮಗನ ಜ್ವರ ಇಳಿಯಿತು. ಹೀಗೆ ಎಣಿಸುತ್ತ ಹೋದಾಗಲೆಲ್ಲ ಎಲ್ಲೋ ಒಂದು ಕಡೆ ಬೆರಳು ನಿಂತುಬಿಡುತ್ತಿತ್ತು — ಇಷ್ಟೆಲ್ಲ ಪಡೆಯುವಷ್ಟು ನೀನು ಒಳ್ಳೆಯವಳೇ? — ಅಲ್ಲಿಗೆ ಎದ್ದು ಒಲೆಯ ಕಡೆ ಹೋಗುತ್ತಿದ್ದೆ.

ಬಣ್ಣದ ಕಡ್ಡಿ ನಮ್ಮ ಮನೆಗೆ ಬಂದದ್ದು ಒಂದು ಪಂಚಮಿಗೆ. ಹಬ್ಬಕ್ಕೆ ತವರಿಗೆ ಬಂದ ಸೋದರತ್ತೆ ನನಗೊಂದು ಡಬ್ಬಿ ಕೊಟ್ಟಳು. ಒಳಗೆ ಹನ್ನೆರಡು ಮೇಣದ ಕಡ್ಡಿ. ನಮ್ಮ ಓಣಿಯಲ್ಲಿ ಅಂಥದ್ದನ್ನು ಯಾರೂ ನೋಡಿರಲಿಲ್ಲ. ಶಾಲೆಯಲ್ಲಿ ಬಳಪ, ಮನೆಯಲ್ಲಿ ರಂಗೋಲಿ ಪುಡಿ, ಇವೆರಡೇ ನಮಗೆ ಗೊತ್ತಿದ್ದ ಬಣ್ಣ. ಡಬ್ಬಿ ತೆರೆದರೆ ಎಂಥದೋ ವಾಸನೆ. ಆರಿದ ಮೇಣಬತ್ತಿಯದೂ ಹೌದು, ಹೊಸ ಬಟ್ಟೆಯದೂ ಹೌದು. ಅದನ್ನು ಮೂಸಿ ನೋಡದೆ ನಾನು ಮಲಗುತ್ತಿರಲಿಲ್ಲ. ಕಡ್ಡಿಗೆ ಸುತ್ತಿದ ಕಾಗದವನ್ನು ಉಗುರಿನಿಂದ ಸುರುಳಿಯಾಗಿ ಬಿಡಿಸುವುದು, ನಾಲ್ಕಾಣೆಯ ಮೇಲೆ ಚೂರು ಕಾಗದ ಇಟ್ಟು ಉಜ್ಜಿ ಅಚ್ಚು ಎಬ್ಬಿಸುವುದು, ಯಾರೂ ನೋಡದಾಗ ತುದಿಯನ್ನು ಒಂಚೂರು ಕಚ್ಚಿ ನೋಡುವುದು. ಹಳದಿಯೂ ಕೆಂಪೂ ಒಂದೇ ರುಚಿ.

ಕಾಗದ ಎಲ್ಲಿಂದ ಬರಬೇಕು? ಕಡ್ಡಿಪೆಟ್ಟಿಗೆಯ ಒಳಮೈ, ಬೆಲ್ಲ ಕಟ್ಟಿ ತಂದ ಪೇಪರು, ಹಳೆಯ ಕ್ಯಾಲೆಂಡರಿನ ಬೆನ್ನು — ಎಲ್ಲ ಮುಗಿದವು. ಬರೆಯುವುದು ಯಾವಾಗಲೂ ಅದೇ: ಹೊಳೆ, ಹೊಳೆಯಲ್ಲೊಬ್ಬ ಹುಡುಗಿ. ಮುಖ ಮಾತ್ರ ತುಂಬುತ್ತಿರಲಿಲ್ಲ. ಡಬ್ಬಿಯಲ್ಲಿ ಮೈಬಣ್ಣ ಅಂತ ಇದ್ದ ಕಡ್ಡಿ ನಾದಿದ ಗೋಧಿ ಹಿಟ್ಟಿನಂತೆ ಕಾಣುತ್ತಿತ್ತು. ಅದು ನಮ್ಮ ಯಾರ ಮುಖದ್ದೂ ಅಲ್ಲ. ಹಾಗಾಗಿ ಕೂದಲು ಬರೆದು, ಕೆಂಪು ಲಂಗ ಬರೆದು, ಮುಖದ ಜಾಗವನ್ನು ಬಿಳಿ ಬಿಟ್ಟುಬಿಡುತ್ತಿದ್ದೆ. ಅದು ರೂಢಿಯೇ ಆಗಿತ್ತು.

ಅವ್ವನಿಗೆ ಆಗ ತುಂಬಿದ ತಿಂಗಳು. ಹೆರಿಗೆಗೆಂದು ಸುಣ್ಣ ಬಳಿದ ಗೋಡೆಯ ಮೇಲೆ ನಾನು ಹೊಳೆ ಬರೆದೆ. ಅವ್ವ ಬೆನ್ನಿಗೆ ಎರಡು ಹಾಕಿದಳು. ಆಯಿ — ನನ್ನ ಅಪ್ಪನ ತಾಯಿ — ಡಬ್ಬಿ ಕಸಿದುಕೊಂಡು ಹೋಗಿ ತಿಪ್ಪೆಗೆ ಎಸೆದು ಬಂದಳು.

“ಗ್ವಾಡಿ ನೆಕ್ಕಿ ತಗೀ ಈಗ, ನಿಮ್ಮತ್ತಿ ಬಂದು ತಗಿಯಂಗಿಲ್ಲ,” ಎಂದಳು.

ಅಂದಿಗೆ ಮನೆಯಲ್ಲಿ ಬಣ್ಣದ ಕಡ್ಡಿಯ ಕಥೆ ಮುಗಿಯಿತು ಅಂತ ಎಲ್ಲರೂ ತಿಳಿದರು. ನಾನು ಸಂಜೆ ತಿಪ್ಪೆ ಕೆದರಿ ಎರಡು ತುಂಡು ತಂದು ಲಂಗದ ನೆರಿಗೆಯಲ್ಲಿ ಸಿಕ್ಕಿಸಿಕೊಂಡಿದ್ದು ಯಾರಿಗೂ ಗೊತ್ತಿಲ್ಲ. ಒಂದು ನೀಲಿ, ಒಂದು ಕೆಂಪು.

ವಾರದೊಳಗೆ ಕಸ್ತೂರಿ ಹುಟ್ಟಿದಳು. ಭೀಮೆಯ ದಂಡೆಯ ಮನೆಯೆಂದು ಭೀಮಾಬಾಯಿ ಎಂಬ ಹೆಸರು ಮೊದಲೇ ಗಟ್ಟಿಯಾಗಿತ್ತು.

ನಮ್ಮ ಕಡೆಯವರಿಗೆ ಗೊತ್ತು: ಕೂಸು ಹುಟ್ಟಿದ ಐದನೇ ದಿನ ಸಟವಿತಾಯಿ ಬಂದು ಹಣೆಬರಹ ಬರೆಯುತ್ತಾಳೆ. ಆಕೆಗೆಂದು ತಲೆದೆಸೆಯಲ್ಲಿ ಖಾಲಿ ಹಾಳೆ, ಪೆನ್ನು ಇಡುತ್ತೇವೆ. ಬೆಳಗಾಗುವ ತನಕ ಯಾರೂ ಅದನ್ನು ನೋಡಬಾರದು. ಬೆಳಿಗ್ಗೆ ಹಾಳೆ ಬಿಳಿಯಾಗಿಯೇ ಇರುತ್ತದೆ. ಬರೆದದ್ದು ಮನುಷ್ಯರ ಕಣ್ಣಿಗೆ ಕಾಣುವುದಿಲ್ಲ, ಕಾಣಬಾರದು; ಅದೇ ಶುಭ.

ಆಯಿ ಮಾಸ್ತರರ ಮನೆಯಿಂದ ಒಂದು ದೊಡ್ಡ ಹಾಳೆ ತರಿಸಿದ್ದಳು. ಗೆರೆ ಇಲ್ಲ, ಕಲೆ ಇಲ್ಲ. ಅಷ್ಟು ಬಿಳಿ ಹಾಳೆಯನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ಮೊರದಲ್ಲಿ ಅರಿಸಿನ, ಕುಂಕುಮ, ಎಲೆ, ಅಡಿಕೆಯ ನಡುವೆ ಅದನ್ನು ಇಟ್ಟು ಪೂಜೆ ಮಾಡಿ, ದೀಪ ಹಚ್ಚುವ ಹೊತ್ತಿಗೆ ಹೆಂಗಸರೆಲ್ಲ ಊಟಕ್ಕೆ ಪಡಸಾಲೆಗೆ ಹೋದರು. ಅವ್ವ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಕೂಸು ಮಲಗಿತ್ತು. ಹಾಳೆ ಸುಮ್ಮನೆ ಇತ್ತು.

ನನಗೆ ದ್ವೇಷವಿರಲಿಲ್ಲ. ತಂಗಿಗೊಂದು ಚಿತ್ರ ಕೊಡಬೇಕು ಅನ್ನಿಸಿತು — ನಾವಿಬ್ಬರೂ ಹೊಳೆಯಲ್ಲಿ ನಿಂತಿದ್ದು. ಹಾಳೆಯ ಈ ತುದಿಯಿಂದ ಆ ತುದಿಗೆ ನೀಲಿ ತಿಕ್ಕಿದೆ. ತುಂಡು ಸವೆದು ಉಗುರು ಕಾಗದಕ್ಕೆ ತಾಗುವ ತನಕ ತಿಕ್ಕಿದೆ. ನಡುವೆ ಬಿಟ್ಟ ಜಾಗದಲ್ಲಿ ನನ್ನನ್ನು ಬರೆದೆ, ಕೆಂಪು ಲಂಗದಲ್ಲಿ, ಎರಡೂ ಕೈ ಮುಂದೆ ಚಾಚಿ. ಆ ಚಾಚಿದ ಕೈಯಲ್ಲಿ ಕೂಸನ್ನು ಬರೆಯಬೇಕಿತ್ತು. ಅಷ್ಟರಲ್ಲಿ ಹೊರಗೆ ಕೈ ತೊಳೆಯುವ ಸಪ್ಪಳ. ಹಾಳೆಯ ಮೇಲೆ ಎಲೆಗಳನ್ನು ಹರಡಿ ಓಡಿಬಂದೆ.

ಹೀಗೆ ಕೂಸು ಇಲ್ಲದೆಯೇ ಚಿತ್ರ ಉಳಿಯಿತು. ನೀರು ತುಂಬಿದ ಹಾಳೆ. ಅದರಲ್ಲಿ ಕೈ ಚಾಚಿ ನಿಂತ, ಮುಖವಿಲ್ಲದ ಒಬ್ಬಳು.

ಬೆಳಿಗ್ಗೆ ಆಯಿ ಎಲೆ ಸರಿಸಿದಳು. ಕೋಣೆಯಲ್ಲಿದ್ದವರು ಆಯಿ, ಅವ್ವ, ಸೂಲಗಿತ್ತಿ ಯಲ್ಲವ್ವ, ಬಾಗಿಲಿಗೆ ಒರಗಿದ್ದ ನಾನು. ಆಯಿ ನನ್ನ ಕಡೆ ತಿರುಗಿದಳು.

“ಸುಮಿತ್ರಿ, ಖರೇ ಹೇಳು. ನೀ ಏನರ ಮುಟ್ಟೀಯೇನ ಬೇ?”

ಬೆನ್ನ ಮೇಲೆ ಅವ್ವನ ಏಟು ಇನ್ನೂ ಮಾಸಿರಲಿಲ್ಲ. “ಇಲ್ಲ ಆಯಿ,” ಅಂದೆ.

ಅಷ್ಟೇ. ಎರಡು ಮಾತು. ಅದರ ಮೇಲೆ ಒಬ್ಬಳ ಬಾಳು ಕಟ್ಟಿಬಿಟ್ಟರು.

ಯಲ್ಲವ್ವ ಶಾಂತಿಗೆಂದು ಅರಿಸಿನದ ನೀರು ತಂದು ಹಾಳೆಯ ಮೇಲೆ ಚಿಮುಕಿಸಿದಳು. ಮೇಣಕ್ಕೆ ನೀರು ಹತ್ತೀತೇ? ಹನಿಗಳು ಗುಂಡಗೆ ನಿಂತವು, ಆಮೇಲೆ ನೀಲಿಯ ಮೇಲೆ ಜಾರಿ ನೆಲಕ್ಕೆ ಬಿದ್ದವು. ಬಣ್ಣ ಒಂದಿಷ್ಟೂ ಕದಡಲಿಲ್ಲ.

“ಯವ್ವಾ… ನೀರ ಹತ್ತವಲ್ದು,” ಎಂದಳು ಯಲ್ಲವ್ವ. ಆಕೆಯ ಕೈಯಿಂದ ತಂಬಿಗೆ ಬಿತ್ತು. “ಪೆನ್ನಿನ ಮಸಿ ಆಗಿದ್ರ ಹರಿದು ಹೋಗ್ತಿತ್ತು. ಇದು ಮನಷ್ಯಾರ ಬರಹ ಅಲ್ಲ ತಗೀರಿ.”

ಆಯಿ ಹಾಳೆಯನ್ನು ದೀಪಕ್ಕೆ ಹಿಡಿದಳು. ಮೇಣ ಚಟಚಟ ಸಿಡಿಯಿತು. ನೀಲಿ ಹನಿಗಳು ಉರಿಯುತ್ತಲೇ ಸಗಣಿ ಸಾರಿಸಿದ ನೆಲದ ಮೇಲೆ ಬಿದ್ದವು. ಆಮೇಲೆ ಎಲ್ಲರ ಬಾಯಿಗೂ ಬೀಗ ಹಾಕಿದಳು: “ಕೂಸಿಗಿ ನೀರಿನ ಗಂಡಾಂತರ ಅದ. ಅಷ್ಟ ಹೇಳ್ರಿ. ಒಳಗ ನಿಂತಾಕಿ ಮಾತು ಯಾರೂ ಎತ್ತಬ್ಯಾಡ್ರಿ. ಕೂಸಿನ ಮುಂದ ಅಂತೂ, ನನ್ನ ಮ್ಯಾಲ ಆಣಿ.”

ನೀರು ಹತ್ತದ ಸುದ್ದಿ ಯಲ್ಲವ್ವನ ಬಾಯಿಂದ ಊರೆಲ್ಲ ಆಯಿತು. ಆದರೆ ಮುಖವಿಲ್ಲದವಳ ಮಾತು ಹೊರಗೆ ಬರಲಿಲ್ಲ. ಇದನ್ನು ನಾನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಮುಂದಿನದು…

ಹೊಳೆಯ ಹೆಸರು ಬೇಡವೆಂದು ಭೀಮಾಬಾಯಿ ಹೋಗಿ ಕಸ್ತೂರಿ ಆದಳು. ಹೊಳೆಯ ದಂಡೆಯಲ್ಲೇ ಹುಟ್ಟಿದವಳು ಹೊಳೆ ನೋಡದೆ ಬೆಳೆದಳು. ಎಳ್ಳ ಅಮಾವಾಸ್ಯೆಗೆ ನಾವೆಲ್ಲ ಬುತ್ತಿ ಕಟ್ಟಿಕೊಂಡು ಹೊಳೆಸಾಲಿನ ಹೊಲಕ್ಕೆ ಹೋದರೆ, ಆಕೆಯನ್ನು ಪಕ್ಕದ ಮನೆಯ ಮುದುಕಿಯ ಹತ್ತಿರ ಬಿಟ್ಟು ಹೋಗುತ್ತಿದ್ದೆವು. ಎರೆಯುವಾಗ ಒಬ್ಬರು ನೀರು ಹಾಕಿದರೆ ಇನ್ನೊಬ್ಬರು ನೀರು ಕಾಣದಂತೆ ಆಕೆಯ ಕಣ್ಣು ಮುಚ್ಚಬೇಕು. ಆ ಇನ್ನೊಬ್ಬಳು ಹೆಚ್ಚಾಗಿ ನಾನೇ. ಅಂಗೈಯ ಕೆಳಗೆ ಆಕೆಯ ರೆಪ್ಪೆ ಮಿಡಿಯುವುದು ತಾಗುತ್ತಿತ್ತು.

ಆಕೆಗೆ ಆರು ವರ್ಷ ಇದ್ದಾಗ, ಒಂದು ಮಧ್ಯಾಹ್ನ ಬಚ್ಚಲಿಗೆ ಹೋದರೆ ಹಂಡೆಯ ಅಂಚು ಹಿಡಿದು ಬಗ್ಗಿ ನಿಂತಿದ್ದಳು. ಎಳೆದುಕೊಂಡೆ. ಆಕೆ ಅಳಲಿಲ್ಲ. ಹೆದರಿದಂತೆಯೂ ಇರಲಿಲ್ಲ.

“ಅಕ್ಕಾ, ಇದರಾಗ ನಿಂತಾಕಿ ಯಾರು?”

“ನಿನ್ನ ನೆರಳ ಅದು, ಹುಚ್ಚಿ.”

“ನನ್ನ ನೆರಳಿಗಿ ಮಾರಿ ಅದ. ಇಕಿಗಿ ಮಾರಿನೇ ಇಲ್ಲ.”

ಮುಖವಿಲ್ಲದವಳ ಮಾತು, ಆಕೆಯ ಬಾಯಿಂದ. ಕೇಳಬಾರದಿತ್ತು — ಕೇಳಿದೆ. “ಏನ್ ಉಟ್ಟಾಳ?”

“ಕೆಂಪು ಲಂಗ. ಕೈ ಮುಂದ ಮಾಡ್ಯಾಳ. ನನಗ ಕೊಡು ಅಂತಾಳ.”

“ಏನ್ ಕೊಡು ಅಂತಾಳ?”

“ಗೊತ್ತಿಲ್ಲ.”

ಆ ಹಾಳೆ ಬೂದಿಯಾಗಿ ಆರು ವರ್ಷವಾಗಿತ್ತು. ಹಾಳೆ ಸುಟ್ಟ ವರ್ಷವೇ ಆಯಿ ತೀರಿಕೊಂಡಿದ್ದಳು. ಅವ್ವ, ಯಲ್ಲವ್ವ ಆ ಮಾತು ಎಂದೂ ಎತ್ತಿದವರಲ್ಲ. ನಾನು ನಿದ್ದೆಯಲ್ಲಿ ಬಡಬಡಿಸಿದೆನೇ? ನನಗೆ ನಾನೇ ಎಷ್ಟು ಸಲ ಕೇಳಿಕೊಂಡಿದ್ದೇನೆ. ಅಂದು ತಂಗಿಯನ್ನು ಹೊರಗೆ ಕಳಿಸಿ ನಾನೂ ಹಂಡೆಯೊಳಗೆ ಬಗ್ಗಿ ನೋಡಿದೆ. ನೀರು ಇನ್ನೂ ತೂಗುತ್ತಿತ್ತು. ಅದು ನಿಲ್ಲುವ ತನಕ ಕಾಯಲು ಧೈರ್ಯವಾಗಲಿಲ್ಲ. ಮಣೆ ಮುಚ್ಚಿ ಬಂದುಬಿಟ್ಟೆ.

ಅಂದೇ ಹೇಳಬಹುದಿತ್ತು. ನನಗಾಗ ಹದಿನಾಲ್ಕು, ಬುದ್ಧಿ ಬಂದಿತ್ತು. ಹೇಳಲಿಲ್ಲ.

ಆಕೆಯ ಮದುವೆಗೆ ವರ ನೋಡುವಾಗ ಮನೆತನ, ಹೊಲ ನೋಡುವ ಮೊದಲು ಅಪ್ಪ ಕೇಳುತ್ತಿದ್ದದ್ದು ಒಂದೇ: ಊರಿಗೆ ಹೊಳೆ ಅದನೋ, ಕೆರೆ ಅದನೋ? ಕೊನೆಗೆ ಆಳಂದ ತಾಲ್ಲೂಕಿನ ಒಂದು ಒಣ ಊರಿಗೆ ಕೊಟ್ಟರು. ಆಕೆಯ ಗಂಡ ಒಳ್ಳೆಯವನು, ಅದು ದೇವರ ದಯೆ. ನಗಿಸುವ ಮನುಷ್ಯ. “ನಮ್ಮ ಮನ್ಯಾಗ ಕೊಡಕ್ಕ ಮುಚ್ಚಳ ಅದ, ಬಕೀಟಕ್ಕ ಮುಚ್ಚಳ ಅದ, ನಿಮ್ಮ ತಂಗಿ ಬಾಯಿಗಷ್ಟ ಇಲ್ಲ ನೋಡ್ರಿ ಅಕ್ಕಾರ,” ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ.

ನಾನಿರುವುದು ಜೇವರ್ಗಿಯಲ್ಲಿ. ಕಲಬುರಗಿಯಿಂದ ಇಲ್ಲಿಗೆ ಬರಬೇಕಾದರೆ ಭೀಮೆಯ ಸೇತುವೆ ದಾಟಬೇಕು. ಕಸ್ತೂರಿ ಒಂದು ದಿನವೂ ನನ್ನ ಹೊಸ್ತಿಲು ತುಳಿಯಲಿಲ್ಲ. ನನ್ನ ಮಕ್ಕಳ ತೊಟ್ಟಿಲಿಗೆ ಬರಲಿಲ್ಲ, ಮನೆಯ ಗೃಹಪ್ರವೇಶಕ್ಕೆ ಬರಲಿಲ್ಲ. ಹನ್ನೊಂದು ವರ್ಷದ ಹಿಂದೆ ಅವ್ವ ನಮ್ಮ ಮನೆಯಲ್ಲಿ ಹಾಸಿಗೆ ಹಿಡಿದಳು. ಕೊನೆಯ ನಾಲ್ಕು ದಿನ ಕಸ್ತೂರಿ, ಕಸ್ತೂರಿ ಎಂದು ಬಾಗಿಲು ನೋಡಿದಳು. ಕಸ್ತೂರಿ ಹೊರಟಿದ್ದಳು. ಸೇತುವೆಯ ಆಚೆ ದಡದಲ್ಲಿ ಬಸ್ಸು ನಿಲ್ಲಿಸಿ ಇಳಿದು, ಗಂಡನ ಕೈ ಹಿಡಿದು ಹತ್ತು ಹೆಜ್ಜೆ ನಡೆದು, ಅಲ್ಲೇ ಕುಸಿದು ಕೂತಳಂತೆ. ಬಂದ ದಾರಿ ಹಿಡಿದು ವಾಪಸು ಹೋದರು. ಜೀವ ಇದ್ದಾಗಿನ ಅವ್ವನ ಮುಖ ಆಕೆ ನೋಡಲಿಲ್ಲ.

ಆ ನಾಲ್ಕು ದಿನ ನಾನು ಅವ್ವನ ಬಾಯಿಗೆ ಚಮಚೆಯಲ್ಲಿ ನೀರು ಬಿಡುತ್ತಿದ್ದೆ. ಒಂದು ಫೋನು ಮಾಡಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ಫೋನು ಕೈಗೆ ತೆಗೆದುಕೊಂಡೆ ಕೂಡ. ಆಗ ಅನ್ನಿಸಿತು — ಸಾಯುವ ಅವ್ವನ ಮುಂದೆ ನನ್ನ ಸುಳ್ಳು ಬಯಲಾದರೆ? ಇಷ್ಟು ದಿನ ಒಳ್ಳೆಯ ಮಗಳು ಅನ್ನಿಸಿಕೊಂಡವಳು… ಫೋನು ಇಟ್ಟುಬಿಟ್ಟೆ.

ಎಂಟು ವರ್ಷದ ಹುಡುಗಿ ಮಾಡಿದ್ದನ್ನು ದೇವರು ಮನ್ನಿಸಿಯಾನು. ಇದನ್ನು ಮಾಡಿದವಳಿಗೆ ನಲವತ್ತಾಗಿತ್ತು.

ಈಗ ಕಸ್ತೂರಿಯ ಮಗಳು ನಿರ್ಮಲಾ. ಯಡ್ರಾಮಿಗೆ ಕೊಟ್ಟಿದ್ದಾರೆ, ಅದೂ ಹೊಳೆಯ ಈ ಕಡೆಯೇ. ಹುಡುಗಿ ತಾನೇ ಮೆಚ್ಚಿದ್ದಳು, ತಾಯಿ ಬೇಡ ಅನ್ನಲಾಗಲಿಲ್ಲ. ಚೊಚ್ಚಲ ಹೆರಿಗೆ ತವರಲ್ಲಿ ಆಗಬೇಕು. ಆದರೆ ಎಂಟು ತಿಂಗಳಿಗೆ ಬಿ.ಪಿ. ಏರಿತು, ಕಾಲು ಬಾತವು, ದೂರ ಹೋಗಬಾರದು ಎಂದರು ಡಾಕ್ಟರು. ಜೇವರ್ಗಿಯ ದವಾಖಾನೆ ಹತ್ತಿರ ಅಂತ ನಮ್ಮ ಮನೆಗೆ ಬಂದಳು. ಒಂದು ದಿನ ಆಕೆಗೆ ತಲೆ ಬಾಚುತ್ತಿದ್ದೆ. ಕನ್ನಡಿಯಲ್ಲಿ ನನ್ನನ್ನು ನೋಡುತ್ತ ಹೇಳಿದಳು:

“ನಮ್ಮವ್ವ ಬರಂಗಿಲ್ಲ ಅಂತ ನನಗ ಗೊತ್ತದರಿ ದೊಡ್ಡವ್ವ. ಆದ್ರ ನನಗ ಅಂಜಿಕಿ ಬರಾಕತ್ತದ. ಒಮ್ಮಿ ಕೇಳಿ ನೋಡ್ರಿ.”

ಬಾಚಣಿಗೆ ಅಲ್ಲೇ ಇಟ್ಟೆ. ಮರುದಿನ ಬೆಳಗಿನ ಬಸ್ಸಿಗೆ ಹೊರಟೆ.

ನನ್ನನ್ನು ಅಂಗಳದಲ್ಲಿ ಕಂಡು ಕಸ್ತೂರಿ ನಕ್ಕಳು. “ಏನ್ ಬೇ ಅಕ್ಕಾ, ಹೇಳದ ಕೇಳದ! ಜೇವರ್ಗಿ ಸಾವಕಾರ್ತಿಗಿ ನಮ್ಮ ಊರಿನ ಧೂಳ ನೆನಪಾತೇನು?” ಮೊರದಲ್ಲಿ ತೊಗರಿ ಆರಿಸುತ್ತಿದ್ದಳು. ನಾನು ಎದುರಿಗೆ ಕುಳಿತೆ. ಕುಡಿಯಲು ಕೊಟ್ಟ ನೀರನ್ನು ಮುಟ್ಟಲಿಲ್ಲ.

“ಕಸ್ತೂರಿ, ಐದನೇ ದಿನ ಆ ಹಾಳಿ ಮ್ಯಾಲ ಬರದಾಕಿ ಸಟವಿ ಅಲ್ಲ. ನಾನು.”

“ಬಿಸಿಲಾಗ ಬಂದೀದಿ. ಒಳಗ ನಡಿ, ಫ್ಯಾನ್ ಹಚ್ಚತೇನಿ.”

ಆಮೇಲೆ ಎಲ್ಲವನ್ನೂ ಹೇಳಿದೆ. ತಿಪ್ಪೆಯಿಂದ ತಂದ ತುಂಡು, ಮೇಣ, ಜಾರಿದ ನೀರು, ಆಯಿ ಕೇಳಿದ್ದು, ನಾನು ಇಲ್ಲ ಅಂದದ್ದು. ತೊಗರಿಯಲ್ಲಿ ಆಡುತ್ತಿದ್ದ ಬೆರಳು ನಿಂತವು.

“ಮಾರಿ ಬರದಿದ್ದ್ಯೇನು?” ಎಂದಳು.

“ಇಲ್ಲ.”

“ಆಕಿಗಿ ಮಾರಿ ಇರಲಿಲ್ಲ ಅಂತ ನನಗ ಯಾರೂ ಹೇಳಿಲ್ಲ ಅಕ್ಕಾ. ನಾನ ನೋಡೀನಿ. ಕೊಡದಾಗ ನೋಡೀನಿ, ತಂಬಗ್ಯಾಗ ನೋಡೀನಿ. ನಿರ್ಮಲಾ ಹುಟ್ಟಿದಾಗ ಆಕಿನ್ನ ಎರೆಯೂ ನೀರಾಗ ನೋಡೀನಿ. ಕೊಡು ಅಂತ ಕೈ ಚಾಚಿದ್ಲು.” ತಲೆ ಎತ್ತಿದಳು. “ನೀ ಯಾರನ್ನ ಬರದಿದ್ದಿ?”

ಈ ಪ್ರಶ್ನೆ ಬರುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ. ಸುಳ್ಳು ಹೇಳಲು ಅದೇ ಕೊನೆಯ ಅವಕಾಶವಾಗಿತ್ತು.

“ನನ್ನ,” ಅಂದೆ. “ಕೈಯಾಗ ನಿನ್ನ ಬರೀಬೇಕಿತ್ತು.”

“ಹಂಗಾದ್ರ ಇಷ್ಟ ವರ್ಷ ನನಗ ಕಂಡಾಕಿ — ನೀನಾ?”

ನಾನು ಬರೆದದ್ದು ಸುಳ್ಳು. ಆಕೆ ಕಂಡದ್ದು ಸುಳ್ಳಲ್ಲ. ಇವೆರಡರ ನಡುವೆ ಏನಿದೆಯೋ, ಅದು ನನಗೆ ತಿಳಿಯದು.

ಕಸ್ತೂರಿ ಮಡಿಲಿನ ಹೊಟ್ಟು ಕೊಡವಿ ಎದ್ದಳು. ಒಳಗೆ ಹೋಗಿ ಬೇರೆ ಸೀರೆ ಉಟ್ಟು, ಚೀಲ ಹಿಡಿದು ಬಂದಳು. “ನಡಿ. ನನ್ನ ಮಗಳ ಕಡಿ ಹೋಗೂಣು.”

ಅಂಜಿಕೆ ಹೋಗಿತ್ತು ಅಂತಲ್ಲ. ಬಸ್ಸಿನಲ್ಲಿ ನನ್ನ ಕೈ ಹಿಡಿದೇ ಕೂತಿದ್ದಳು. ಕಲಬುರಗಿ ಬಿಟ್ಟ ಮೇಲೆ ಆ ಕೈ ತಣ್ಣಗಾಗುತ್ತ ಬಂತು. ಸೇತುವೆ ಇನ್ನೂ ಸ್ವಲ್ಪ ದೂರ ಇರುವಾಗ ಕೇಳಿದಳು:

“ಅವ್ವ ನಿಮ್ಮ ಮನ್ಯಾಗ ಇದ್ದಾಗ… ಆ ನಾಕ ದಿನ. ನಿನಗ ಇದೆಲ್ಲ ನೆನಪಿತ್ತೇನು?”

“ನೆನಪಿತ್ತು.”

ಕೈ ಬಿಟ್ಟಳು. ಎದ್ದು ಮುಂದಿನ ಖಾಲಿ ಸೀಟಿಗೆ, ಕಿಟಕಿಯ ಪಕ್ಕಕ್ಕೆ ಹೋಗಿ ಕೂತಳು. ಬಸ್ಸು ಸೇತುವೆಗೆ ಏರಿತು. ಆಕೆ ಕಣ್ಣು ಮುಚ್ಚಲಿಲ್ಲ. ಈ ದಡದಿಂದ ಆ ದಡದ ತನಕ ಕೆಳಗಿನ ನೀರನ್ನು ನೋಡಿದಳು, ಯಾರನ್ನೋ ಗುರುತು ಹಿಡಿಯುವವರ ಹಾಗೆ. ನನಗೆ ಹೊಳೆ ನೋಡುವ ಧೈರ್ಯವಾಗಲಿಲ್ಲ. ಕಿಟಕಿಯ ಗಾಜು ನೋಡಿದೆ. ಅದರಲ್ಲಿ ನಮ್ಮಿಬ್ಬರ ನೆರಳೂ ಬಿದ್ದಿತ್ತು, ಕೆಳಗೆ ನೀರು ಹರಿಯುತ್ತಿತ್ತು. ಆಕೆಯ ಮುಖ ಕಣ್ಣು, ಮೂಗು, ಹಣೆಯ ಕುಂಕುಮದ ಸಮೇತ ಕಾಣುತ್ತಿತ್ತು. ನನ್ನದು… ಬಿಸಿಲು ಬಿದ್ದಿತ್ತೇನೋ. ಬಿಸಿಲೇ ಇರಬೇಕು.

ನಿರ್ಮಲಾ ಹಡೆದಳು. ಗಂಡುಮಗು, ಇಬ್ಬರೂ ಆರಾಮಾಗಿದ್ದಾರೆ. ದೇವರು ಕಣ್ಣು ತೆರೆದ. ಐದನೇ ದಿನ ಕಸ್ತೂರಿ ರೂಢಿಯಂತೆ ಹಾಳೆ ಇಟ್ಟಳು. ಆ ಕೋಣೆಗೆ ನನ್ನನ್ನು ಬರಬೇಡ ಅಂತ ಯಾರೂ ಹೇಳಲಿಲ್ಲ. ನಾನೇ ಹೋಗಲಿಲ್ಲ.

ಕಸ್ತೂರಿ ನನ್ನ ಮನೆಗೆ ಬಂದು ಇಂದಿಗೆ ಇಪ್ಪತ್ತಾರು ದಿನ. ಮೂವತ್ತು ವರ್ಷ ನಾನು ಬೇಡಿಕೊಂಡದ್ದು ಇದನ್ನೇ — ನನ್ನ ತಂಗಿ ನನ್ನ ಮನೆಗೆ ಬರಲಿ. ಬಂದಿದ್ದಾಳೆ. ಮೊಮ್ಮಗನಿಗೆ ತಾನೇ ಎರೆಯುತ್ತಾಳೆ. ಎರೆಯುವಾಗ ನೀರನ್ನೇ ನೋಡುತ್ತಾಳೆ. ಏನು ಕಾಣುತ್ತದೆ ಅಂತ ನಾನು ಕೇಳಿಲ್ಲ. ಮನ್ನಿಸು ಅಂತಲೂ ಕೇಳಿಲ್ಲ. ಅದನ್ನು ಕೇಳಿ ಆಕೆಯ ಮೇಲೆ ಇನ್ನೊಂದು ಭಾರ ಹೊರಿಸಲಾರೆ.

ಮೊನ್ನೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು:

“ಉಪ್ಪಿನ ಡಬ್ಬಿ ಎಲ್ಲಿ ಇಟ್ಟೀರ್ರಿ?”

ನನ್ನ ಹಿಂದೆ ಇನ್ಯಾರೋ ಇದ್ದಾರೆ ಅಂತ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಮಾತು ಕಲಿತಂದಿನಿಂದ ಅಕ್ಕಾ, ಏನ್ ಬೇ ಅಂದ ಬಾಯಿ ನನ್ನನ್ನು ಹೊರಗಿನವರಂತೆ ಬಹುವಚನದಲ್ಲಿ ಮಾತಾಡಿಸಿತು. ದನಿಯಲ್ಲಿ ಸಿಟ್ಟಿರಲಿಲ್ಲ. ಬೇರೆಯವರ ಮನೆಯಲ್ಲಿ ಉಳಿದವರು ಎಷ್ಟು ಮರ್ಯಾದೆಯಿಂದ ಕೇಳುತ್ತಾರೋ ಅಷ್ಟೇ ಮರ್ಯಾದೆ ಇತ್ತು.

ಡಬ್ಬಿ ತೆಗೆದು ಕೊಟ್ಟೆ. ಇಸಿದುಕೊಂಡು ಒಲೆಯ ಕಡೆ ತಿರುಗಿದಳು. ನಾನು ಅಲ್ಲೇ ನಿಂತೆ. ಆಕೆ ಎಷ್ಟು ದೂರ ನಿಲ್ಲಿಸುತ್ತಾಳೋ ಅಷ್ಟು ದೂರದಲ್ಲೇ ನಿಲ್ಲುತ್ತೇನೆ, ಕರೆದರೆ ಹೋಗುತ್ತೇನೆ. ಕರೆಯದಿದ್ದರೆ, ಇಲ್ಲೇ ಇರುತ್ತೇನೆ.